ಪಕ್ಕದ ಮನೆಗೆ ಕೊಟ್ಟ ಮಡಿಲಕ್ಕಿ

ನನ್ನ ಮೊಮ್ಮಗನಿಗೆ ಮೊದಲ ಹಲ್ಲು ಬಂದ ದಿನ ಅವನನ್ನು ಎತ್ತಿಕೊಂಡು ಬಾಗಿಲಿಗೆ ಓಡಿ ಬಂದೆ. ತಡವಾಗಿ ಬಂದ ಹಲ್ಲು, ಕೆಳವಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು. ಯಾರಿಗಾದರೂ ತೋರಿಸದೆ ಇರಲಾರೆ ಅನ್ನಿಸಿತು. ಮೈಸೂರಿನ ನಮ್ಮ ವಠಾರದಲ್ಲಾಗಿದ್ದರೆ ನಲ್ಲಿಯ ಹತ್ತಿರ ಒಂದು ಮಾತು ಹೇಳಿದ್ದರೆ ಸಾಕಿತ್ತು, ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಇಲ್ಲಿ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಮನೆಗಳಿವೆ, ಹೊಸದಾಗಿ ಬಣ್ಣ ಬಳಿದುಕೊಂಡು ಚೆಂದವಾಗಿವೆ, ಮನುಷ್ಯರಿಲ್ಲ. ಶುಕ್ರವಾರ ಸಂಜೆ ನ್ಯೂಯಾರ್ಕಿನಿಂದ ಕಾರುಗಳು ಬಂದಾಗ ದೀಪ ಹತ್ತುತ್ತದೆ, ಭಾನುವಾರ ಆರುತ್ತದೆ. ಅವತ್ತು ಮಂಗಳವಾರ. ಪಕ್ಕದ ಮನೆಯಲ್ಲೂ ಕತ್ತಲೆ. ಆ ಮನೆ ಕತ್ತಲಾಗಿದ್ದು ನಮ್ಮವರಿಂದಲೇ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಅದನ್ನು ಬರೆಯಲು ಕೂತಿದ್ದೇನೆ, ತಪ್ಪಿದ್ದ ಕಡೆ ನೀವೇ ತಿದ್ದಿಕೊಳ್ಳಿ.

ಮಗಳು ಅಳಿಯ ಇಬ್ಬರದೂ ಕಂಪ್ಯೂಟರ್ ಕೆಲಸ. ಮೊದಲು ನಮ್ಮ ದೇಶದವರೇ ತುಂಬಿದ ಐಸೆಲಿನ್‌ನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದರು. ಅಲ್ಲಿ ಕೆಳಗಿಳಿದರೆ ಕರಿಬೇವು ಸಿಗುತ್ತಿತ್ತು, ಸ್ವಂತ ಮನೆ ಮಾತ್ರ ಕೈಗೆ ಎಟುಕುತ್ತಿರಲಿಲ್ಲ. ಮನೆಯಿಂದಲೇ ಕೆಲಸ ಮಾಡಬಹುದು ಎಂದು ಕಂಪನಿಯವರು ಹೇಳಿದ್ದೇ ತಡ, ಡೆಲವೇರ್ ನದಿಯ ಆಚೆ, ಎರಡು ಗಂಟೆಯ ಹಾದಿ ಬಂದು, ಗುಡ್ಡಗಳ ನಡುವಿನ ಈ ಹಳ್ಳಿಗಾಡಿನ ಕೌಂಟಿಯಲ್ಲಿ ಮನೆ ಕೊಂಡರು. ಅವರ ಹಾಗೆಯೇ ಬಂದವರು ಬಹಳ ಜನ. ಬಂದವರೆಲ್ಲ ಕೊಂಡರು, ಬೆಲೆ ಏರಿತು, ಇಲ್ಲೇ ಹುಟ್ಟಿ ಬೆಳೆದವರಿಗೆ ಬಾಡಿಗೆಗೂ ಮನೆ ಇಲ್ಲದಂತಾಯಿತು. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಬಾಣಂತನಕ್ಕೆ ಬಂದ ಹೊಸತರಲ್ಲಿ ಗೊತ್ತಾದದ್ದು ಒಂದೇ: ಮಕ್ಕಳು ಹುಟ್ಟುವುದು ಕಡಿಮೆಯಾಯಿತೆಂದು ಇಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡನ್ನೇ ಮುಚ್ಚಿದ್ದಾರೆ. ನೋವು ತಿನ್ನುತ್ತಿದ್ದ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಬೇರೆ ಕೌಂಟಿಗೆ ಓಡಿದೆವು.

ಅವನನ್ನು ನನ್ನ ಕೈಗೆ ಕೊಟ್ಟಾಗ ನನಗೆ ನಗು ಅಳು ಎರಡೂ ಒಟ್ಟಿಗೆ ಬಂದವು. ಹಣೆ ನಮ್ಮ ಯಜಮಾನರದೇ! ನರ್ಸಮ್ಮನಿಗೂ ಕನ್ನಡದಲ್ಲೇ ಹೇಳಿದೆ, ಅವಳೂ ತಲೆಯಾಡಿಸಿದಳು.

ಮನೆಗೆ ಬಂದ ಮೇಲೆ ದಿನಾ ಎಣ್ಣೆ, ಬಿಸಿನೀರು, ಸಾಂಬ್ರಾಣಿ. ಮದುವೆಯಾದಾಗಿನಿಂದ ಊದಿನಕಡ್ಡಿ ಹೊಸೆದ ಕೈ ನನ್ನದು, ಹೊಗೆ ಇಲ್ಲದ ಬಾಣಂತನ ನನಗೆ ಗೊತ್ತಿಲ್ಲ. ಮೊದಲ ದಿನವೇ ಛಾವಣಿಯ ಅಲಾರಂ ಕಿರುಚಿಕೊಂಡಿತು.

“ಅಮ್ಮಾ, ಹೊಗೆ ಹಾಕ್ಬೇಡ ಅಂದ್ರೆ ಕೇಳ್ತೀಯಾ ನೀನು?” ಮಗಳು ಕೋಣೆಯಿಂದಲೇ ಕೂಗಿದಳು.

“ನಿನಗೂ ಇದೇ ಹೊಗೆ ಹಾಕಿದ್ದು ಕಣೇ. ಆಗ ಯಾವ ಅಲಾರಮ್ಮೂ ಹೊಡ್ಕೊಳ್ಳಲಿಲ್ಲ.”

ಆ ಸದ್ದಿಗೆ ಪಕ್ಕದ ಮನೆಯಾಕೆ ಕೈಯಲ್ಲಿ ಪೊರಕೆ ಹಿಡಿದು ಓಡಿ ಬಂದಳು. ನನ್ನ ವಯಸ್ಸಿನವಳೇ, ಗಟ್ಟಿ ಹೆಂಗಸು. ಪೊರಕೆಯ ಹಿಡಿಯಿಂದ ಅಲಾರಮಿಗೆ ಒಂದು ತಿವಿದು ಬಾಯಿ ಮುಚ್ಚಿಸಿದಳು. ಆಮೇಲೆ ಕೈ ತೊಳೆದುಕೊಂಡು, ಕೇಳದೆ ಗೀಳದೆ ಮಗುವನ್ನು ಎತ್ತಿಕೊಂಡಳು. ಕತ್ತಿನ ಕೆಳಗೆ ಅಂಗೈ ಕೊಟ್ಟ ರೀತಿ ನೋಡಿದ ಕೂಡಲೇ ಇವಳು ನಮ್ಮವಳು ಅನ್ನಿಸಿತು.

ಅವಳು ಶಾಲೆಯ ಬಸ್ ಓಡಿಸುತ್ತಿದ್ದವಳು. ಮಕ್ಕಳಿಲ್ಲವೆಂದು ಇಲ್ಲಿನ ಶಾಲೆ ಮುಚ್ಚಿತು, ಬಸ್ಸೂ ಹೋಯಿತು. ಆ ಕಟ್ಟಡದಲ್ಲಿ ಈಗ ಪಟ್ಟಣದವರು ಬಂದು ಮದುವೆ ಮಾಡಿಕೊಂಡು ಹೋಗುತ್ತಾರೆ. ಆಮೇಲೆ ಅವಳು ಆಚೀಚೆಯವರ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದಳು, ಆ ಸಂಸಾರಗಳೂ ಒಂದೊಂದಾಗಿ ಹೊರಟುಹೋದವು. ಈ ರಸ್ತೆಯಲ್ಲಿ ಉಳಿದ ಕೂಸೆಂದರೆ ನಮ್ಮದೊಂದೇ.

ನನ್ನ ಚಿಂತೆ ಅದೇ ಆಗಿತ್ತು: ವೀಸಾ ಮುಗಿದು ನಾನು ಹೊರಟ ಮೇಲೆ ಇವನನ್ನು ಹಿಡಿಯುವವರು ಯಾರು? ಹತ್ತಿರದಲ್ಲಿದ್ದ ಡೇಕೇರ್ ಬಾಗಿಲು ಹಾಕಿತ್ತು. ಅಲ್ಲಿ ಕೆಲಸಕ್ಕಿದ್ದ ಹುಡುಗಿಯರು ಹೆಚ್ಚು ಕೊಡುತ್ತಾರೆಂದು ದೂರದ ವೇರ್‌ಹೌಸುಗಳಿಗೆ ಹೋಗಿದ್ದರು. ಮಗಳು ಅಳುಕುತ್ತ ಆಕೆಯನ್ನು ಕೇಳಿದಳು. ಕೇಳಿ ಮುಗಿಸುವ ಮೊದಲೇ ಆಕೆ ಹೂಂ ಅಂದಳು. ಅವತ್ತು ಹೊಟ್ಟೆ ತುಂಬ ಉಂಡೆ.

ಆಕೆಯ ಅಡುಗೆಮನೆಯಲ್ಲಿ ಸಿಂಕಿನ ಪಕ್ಕ ಕೆಳಗಿನ ಕಪಾಟೊಂದು ಇವನಿಗೇ ಅಂತ ಖಾಲಿಯಾಯಿತು. ಡಬ್ಬಿಗಳ ಮುಚ್ಚಳ, ಮರದ ಸೌಟು, ಒಂದು ಹಳೇ ತಗಡಿನ ಬಟ್ಟಲು ಅದರಲ್ಲಿ ತುಂಬಿಸಿದಳು. ದಿನಾ ಬೆಳಗ್ಗೆ ನಾವು ಮೂವರೂ ಅಲ್ಲಿ. ಅವನು ಬಡಿಯುವುದು, ನಾವಿಬ್ಬರೂ ನಮ್ಮ ನಮ್ಮ ಭಾಷೆಯಲ್ಲಿ ಮಾತಾಡುವುದು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಯಾವತ್ತೂ ಜಗಳವಾಗಲಿಲ್ಲ.

ಚಳಿ ಕಳೆದ ಮೇಲೆ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡೆವು. ಮೆಟುಚೆನ್‌ನಲ್ಲಿದ್ದ ಪರಿಚಯದವರು ಅಷ್ಟು ದೂರ ಆಗುವುದಿಲ್ಲ ಅಂದರು, ಈಸ್ಟ್ ಬ್ರನ್ಸ್‌ವಿಕ್‌ನಿಂದ ಒಂದು ಕಾರು ಬಂತು. ತೊಟ್ಟಿಲ ಕೆಳಗಿನಿಂದ ಮಗುವನ್ನು ಕೊಡುವವರು ಬೇಕಲ್ಲ, ಪಕ್ಕದ ಮನೆಯಾಕೆಯನ್ನು ಮುಂದೆ ಕರೆದೆ.

ಬಂದ ಆಂಟಿಯೊಬ್ಬರು ನನ್ನ ಕಿವಿಯಲ್ಲಿ, “ಆಕೆಗೆ ಗಂಡ ಇದಾರಾ?” ಅಂದರು.

“ಇದಾನೋ ಬಿಟ್ಟುಹೋದನೋ, ನಾನು ಕೇಳಿಲ್ಲ. ಮಗು ಎತ್ಕೊಳ್ಳೋಕೆ ಎರಡು ಕೈ ಇದಾವೆ, ಸಾಲ್ದಾ?”

ಆಕೆ ಮಂಡಿಯೂರಿ ಕೂತು ತೊಟ್ಟಿಲ ಕೆಳಗೆ ನೀಡಿದಳು, ನಾನು ಈ ಕಡೆಯಿಂದ ಈಸಿಕೊಂಡೆ. ಶಾಸ್ತ್ರ ಮುಗಿದ ಮೇಲೆ ನನಗೆ ಉಕ್ಕಿ ಬಂತು. ಹೆತ್ತ ಮಗಳಿಗೆ ತುಂಬುವ ಹಾಗೆ ಆಕೆಗೆ ಮಡಿಲು ತುಂಬಿದೆ. ಅಕ್ಕಿ, ಬೆಲ್ಲ, ಕಾಯಿ, ಬಳೆ, ಹಸಿರು ರವಿಕೆ ಕಣ. ಮಡಿಲು ಒಡ್ಡಲು ಸೆರಗಿಲ್ಲ, ಸ್ವೆಟರನ್ನೇ ಒಡ್ಡಿದಳು. ಕಣ್ಣಲ್ಲಿ ನೀರು. ನನಗೂ ಬಂತು. ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡೆ.

ಅಡುಗೆಮನೆಯಲ್ಲಿ ಆಕೆ ಮಗಳನ್ನು ಏನೋ ಕೇಳಿದಳು. ಮಗಳು ಏನೋ ಹೇಳಿದಳು. ಆಕೆ ತಲೆಯಾಡಿಸಿ, ಸ್ವೆಟರಿನಲ್ಲಿ ಅಕ್ಕಿ ಹಿಡಿದುಕೊಂಡೇ ಊಟ ಮಾಡದೆ ಹೋಗಿಬಿಟ್ಟಳು.

“ಏನಂದ್ಯೇ ಅವಳಿಗೆ?”

“ಇದೇನು ಅಂತ ಕೇಳಿದ್ರು. ತವರು ಬಿಟ್ಟು ಹೊರಡೋ ಮಗಳಿಗೆ ಕೊಡೋದು ಅಂದೆ.”

“ಸರಿಯಾಗೇ ಹೇಳಿದೀಯ. ಅದಕ್ಯಾಕೆ ಮುಖ ಹಂಗೆ ಮಾಡ್ಕೊಂಡಿದೀಯ?”

ಮಗಳು ಬಂದವರಿಗೆ ಎಲೆ ಹಾಕಲು ಹೋದಳು. ಬಂದವರು ಹೊರಟ ಮೇಲೆ ಅಳಿಯ ಹೇಳಿದರು. ಪಕ್ಕದ ಮನೆ ಆಕೆಯ ಸ್ವಂತದ್ದಲ್ಲ. ಓನರು ಫ್ಲೋರಿಡಾದಲ್ಲಿದ್ದಾನೆ, ಮಾರಿದ್ದಾನೆ. ಕೊಂಡವರು ನಾವು. ಖಾಲಿ ಮಾಡಿ ಎಂದು ಓನರು ಆಕೆಗೆ ಆಗಲೇ ನೋಟಿಸ್ ಕಳಿಸಿದ್ದಾನೆ, ಕೊಂಡವರು ಯಾರೆಂಬುದೂ ಆಕೆಗೆ ಗೊತ್ತು. ಹೊರಡಬೇಕಾದವಳು ಆಕೆ, ಹೊರಡಿಸುತ್ತಿರುವವರು ನಾವು, ಅಂಥ ಹೊತ್ತಿನಲ್ಲಿ ನಾನು ಮಡಿಲು ತುಂಬಿದ್ದೆ! ಮರ್ಯಾದೆಯಾಗಿ ಬಾಗಿಲಾಚೆ ಕಳಿಸುತ್ತಿದ್ದೇನೆ ಎಂದೇ ಆಕೆ ತಿಳಿದದ್ದು.

“ನಾವು ತಗೊಳ್ಳದೇ ಇದ್ದಿದ್ರೆ ಇನ್ಯಾರೋ ತಗೊಳ್ತಿದ್ರು ಅತ್ತೆ. ವೀಕೆಂಡ್ ರೆಂಟಲ್‌ಗೆ ಕೊಟ್ರೆ ಒಳ್ಳೆ ಇನ್ವೆಸ್ಟ್‌ಮೆಂಟ್. ಮಗೂ ಫ್ಯೂಚರ್‌ಗೇ ತಾನೆ?”

“ಮಗೂನ ನೋಡ್ಕೊಳ್ಳೋಳನ್ನ ಓಡಿಸಿ ಮಗೂಗೆ ಆಸ್ತಿ ಮಾಡ್ತೀರಾ?”

“ಅವರು ಇಲ್ಲೇ ಹತ್ತಿರದಲ್ಲಿ ಎಲ್ಲಾದ್ರೂ ಬಾಡಿಗೆಗೆ ಹಿಡೀತಾರೆ ಅನ್ಕೊಂಡಿದ್ದೆ.”

“ಎಲ್ಲಿ? ತೋರಿಸಿ ನೋಡೋಣ. ಇರೋ ಮನೆಗಳನ್ನೆಲ್ಲ ನಿಮ್ಮಂಥೋರೇ ಶುಕ್ರವಾರದೋರಿಗೆ ಇಟ್ಟಿದೀರಲ್ಲ.”

ಅಳಿಯಂದಿರಿಗೆ ಹಾಗೆ ಮಾತಾಡಬಾರದು, ಗೊತ್ತು. ಆದರೆ ನಾನು ವಠಾರದಿಂದ ವಠಾರಕ್ಕೆ ಪಾತ್ರೆ ಹೊತ್ತವಳು. ‘ಮನೆ ಖಾಲಿ ಮಾಡಿ’ ಎಂದು ಓನರು ಬಾಗಿಲಲ್ಲಿ ನಿಂತರೆ ಒಲೆಯ ಮೇಲಿನ ಸಾರು ಕೂಡ ಬೇರೆ ರುಚಿಯಾಗುತ್ತದೆ. ಇದೇ ಮಗಳು ಆಗ ನನ್ನ ಸೆರಗು ಹಿಡಿದು ನಿಂತಿರುತ್ತಿದ್ದಳು. ಅವಳನ್ನು ನಾವು ಓದಿಸಿದ್ದು ಓನರಾಗಲಿ ಅಂತಲಾ?

ಮಾರನೆಯ ದಿನ ಮಗಳನ್ನು ಕರೆದುಕೊಂಡು ಆಕೆಯ ಮನೆಗೆ ಹೋದೆ. ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದಳು.

“ನನಗೆ ಗೊತ್ತಿರಲಿಲ್ಲ ಅಂತ ಹೇಳು. ಪ್ರೀತಿಯಿಂದ ತುಂಬಿದ್ದು ಅಂತ ಹೇಳು.”

ಮಗಳು ಹೇಳಿದಳು. ನಾನು ಅಂದದ್ದಕ್ಕಿಂತ ಮೊಟಕಾಗಿ ಹೇಳಿದಳು ಅನ್ನಿಸಿತು. ಆಕೆ ನಕ್ಕಳು, ಉತ್ತರ ಕೊಟ್ಟಳು. ಮಗಳು ತಲೆ ತಗ್ಗಿಸಿ ನನಗೆ ತಿಳಿಸಿದಳು: “ಓನರು ಬರೀ ನೋಟಿಸ್ ಕಳ್ಸಿದ. ನಿಮ್ಮಮ್ಮ ಅಕ್ಕಿ ಆದ್ರೂ ಕೊಟ್ರು, ಅಂತಿದಾರೆ.”

ಆಕೆ ಪೆನ್ಸಿಲ್ವೇನಿಯಾದ ಇನ್ನೊಂದು ತುದಿಯಲ್ಲಿದ್ದ ತಂಗಿಯ ಊರಿಗೆ ಹೊರಟಳು. ಅಲ್ಲಿ ವೇರ್‌ಹೌಸಿನಲ್ಲಿ ನಿಂತು ಪೆಟ್ಟಿಗೆಗಳಿಗೆ ಟೇಪು ಸುತ್ತುವ ಕೆಲಸವಂತೆ, ಈ ವಯಸ್ಸಿನಲ್ಲಿ. ಹೊರಡುವಾಗ ಮಗುವಿನ ಅಂಗಾಲಿಗೆ ಮುತ್ತಿಟ್ಟಳು. ಹಸಿರು ರವಿಕೆ ಕಣವನ್ನು ಕಾರಿನ ಕನ್ನಡಿಗೆ ಕಟ್ಟಿಕೊಂಡಿದ್ದಳು.

ಈಗ ಆ ಮನೆಗೆ ಶುಕ್ರವಾರದವರು ಬರುತ್ತಾರೆ. ಹಾಸಿಗೆ ಬದಲಿಸಲು, ಕಕ್ಕಸು ತೊಳೆಯಲು ಆಳು ಬೇಕೆಂದು ಅಳಿಯ ಎಲ್ಲೆಲ್ಲೋ ಹೇಳಿಟ್ಟರು. ಯಾರು ಬರುತ್ತಾರೆ? ಬರುವವರು ಇರುವುದೆಲ್ಲಿ? ಹೀಗಾಗಿ ಹಾಸಿಗೆ ಬದಲಿಸುವವಳು ನಾನೇ. ನನ್ನ ವೀಸಾ ಒಂದು ಸಲ ಮುಂದುವರಿಸಿದ್ದಾಗಿದೆ, ಇನ್ನೊಂದು ಸಲಕ್ಕೆ ನಾನು ಒಪ್ಪುವುದಿಲ್ಲ. ನಾನು ಹೊರಟ ಮೇಲೆ ಮಗಳು ಕೆಲಸ ಬಿಡುತ್ತಾಳಂತೆ. ಅವಳ ಸಂಬಳ ಹೋದ ತೂತನ್ನು ಆ ಮನೆಯ ಬಾಡಿಗೆ ಮುಚ್ಚುತ್ತದಂತೆ. ಅದಕ್ಕೇ ಕೊಂಡದ್ದು ಅನ್ನುವ ಹಾಗೆ ಮಾತಾಡುತ್ತಾರೆ!

ಹಲ್ಲು ಬಂದ ವಾರದ ಶುಕ್ರವಾರವೂ ಅವನನ್ನು ಅಲ್ಲಿಗೆ ಎತ್ತಿಕೊಂಡು ಹೋದೆ. ನೆಲಕ್ಕೆ ಬಿಟ್ಟು ದಿಂಬಿಗೆ ಕವರು ಹಾಕುತ್ತಿದ್ದೆ. ನನ್ನ ಬಂಗಾರ, ಅಂಬೆಗಾಲಿಕ್ಕಿಕೊಂಡು ನೆಟ್ಟಗೆ ಅಡುಗೆಮನೆಗೆ ಹೋದ. ಸಿಂಕಿನ ಪಕ್ಕದ ಕೆಳಗಿನ ಕಪಾಟಿನ ಬಾಗಿಲು ಎಳೆದ. ಅದರೊಳಗೆ, ಶುಕ್ರವಾರದವರಿಗೆಂದು ಇಟ್ಟ ಕಾಗದದ ಟವೆಲಿನ ಸುರುಳಿಗಳು. ಕೈ ಒಳಗೆ ಹಾಕಿ ತಡಕಿದ. ಇನ್ನೂ ಒಳಗೆ ತಡಕಿದ. ಆಮೇಲೆ ತಿರುಗಿ ಬಾಗಿಲ ಕಡೆ ನೋಡಿ, ಯಾರೋ ಬಂದರು ಅನ್ನುವ ಹಾಗೆ ನಕ್ಕ. ಹೊಸ ಹಲ್ಲು ಕಾಣಿಸಿತು. ಬಾಗಿಲಲ್ಲಿ ಯಾರೂ ಇರಲಿಲ್ಲ.