ಹನ್ನೊಂದು ಸುತ್ತಿನ ಬೋಲ್ಟು

ಸೀಮೆಎಣ್ಣೆಯಲ್ಲಿ ನೆನೆದ ಹುಣಸೆಹಣ್ಣಿಗೆ ಬೇರೆಯದೇ ಒಂದು ವಾಸನೆ. ಮೊದಲು ಎಣ್ಣೆ ಮೂಗಿಗೆ ಬಡಿಯುತ್ತದೆ, ಅದು ಸ್ವಲ್ಪ ಆರಿದ ಮೇಲೆ ಹುಳಿ ನಿಧಾನವಾಗಿ ಏಳುತ್ತದೆ. ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ, ಹಿಂದೂಪುರದ ನಮ್ಮ ಹಳೆಯ ಮನೆಯ ಅಂಗಳದಲ್ಲಿ ತಾತನ ಬಿಳಿ ಕಾರಿನ ಬಾನೆಟ್ ಎತ್ತಿ ನಿಂತಿದ್ದಾಗ ಆ ವಾಸನೆ ನನಗೆ ಮತ್ತೆ ಸಿಕ್ಕಿತು. ಹದಿನಾರು ವರ್ಷ ಅದು ಎಲ್ಲಿತ್ತು ಎಂದು ಆ ಕ್ಷಣಕ್ಕೆ ಗೊತ್ತಾಗಲಿಲ್ಲ. ಗೊತ್ತಾದಾಗ ಕೈಯಲ್ಲಿದ್ದ ತಂತಿ ಕೆಳಗಿಟ್ಟು ಬೆರಳನ್ನು ಮತ್ತೆ ಮೂಗಿಗೆ ಹಿಡಿದೆ.

ನಮ್ಮದು ಹುಣಸೆಯ ಮನೆ. ಅಂಗಳದ ಒಂದು ಪಕ್ಕ ತಗಡಿನ ಚಪ್ಪರ. ಅದರ ಕೆಳಗೆ ಹೆಂಗಸರು ಸಾಲಾಗಿ ಕೂತು, ಕಾಯಿಯ ಸಿಪ್ಪೆ ಬಿಡಿಸಿ, ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟಿ ಬೀಜ ತೆಗೆಯುತ್ತಿದ್ದರು. ಬೇಸಿಗೆಯಿಡೀ ಟಪ್ ಟಪ್ ಸದ್ದು. ಆ ಸದ್ದು ನಿಂತರೆ ಊಟದ ಹೊತ್ತಾಯಿತೆಂದು ಅರ್ಥ. ಹಣ್ಣಿಗೆ ಹುಳ ಬೀಳದ ಹಾಗೆ ಅಜ್ಜಿ ಕಲ್ಲುಪ್ಪು ಬೆರೆಸಿ ಉಂಡೆ ಕಟ್ಟಿಸುತ್ತಿದ್ದಳು. ಉಪ್ಪಿಲ್ಲದ ಹುಣಸೆ ನಮ್ಮ ಮನೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಹಿತ್ತಾಳೆ ಬಿಂದಿಗೆಗೂ ಅದೇ, ಸಾರಿಗೂ ಅದೇ, ಬಾಯಿ ಚಪ್ಪರಿಸಲು ನಮಗೂ ಅದೇ. ನೀವು ಬೆಳೆದ ಮನೆಯಲ್ಲೂ ಹೀಗೆ ಒಂದು ಪದಾರ್ಥ ಎಲ್ಲದಕ್ಕೂ ಮದ್ದಾಗಿದ್ದಿರಬಹುದು. ಆ ಮನೆ ಈಗ ಇಲ್ಲದಿದ್ದರೂ ನಾಲಿಗೆ ಅದನ್ನು ಬಿಟ್ಟುಕೊಟ್ಟಿರುವುದಿಲ್ಲ.

ಹಣ್ಣಿನ ಮೂಟೆಗಳ ಪಕ್ಕದಲ್ಲೇ ಕಾರು ನಿಲ್ಲುತ್ತಿತ್ತು. ತಾತ ಅದನ್ನು ಮದುವೆಗಾಗಲಿ ಮಾರ್ಕೆಟ್ಟಿಗಾಗಲಿ ಒಯ್ದದ್ದು ಕಡಿಮೆ. ಅದರ ಮುಖ್ಯ ಕೆಲಸ ಕಲ್ಯಾಣದುರ್ಗಕ್ಕೆ ಹೋಗಿ ರತ್ನತ್ತೆಯನ್ನು ಕರೆತರುವುದು. ಅತ್ತೆ ತಾತನ ಒಬ್ಬಳೇ ಮಗಳು, ನಮ್ಮಪ್ಪನ ತಂಗಿ. ಅವಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಾಗ, ಅಷ್ಟು ದೂರದಿಂದ ತವರಿಗೆ ಹೇಗೆ ಬರಲಿ ಎಂದು ಅತ್ತಳಂತೆ. "ಕರ್ಕಂಡು ಬರಾಕೆ ನಾನೇ ಬತ್ತೀನಿ. ನಾನಿರೋಗಂಟ ನೀನು ಬಸ್ಸಲ್ಲಿ ತವರಿಗೆ ಬರಂಗಿಲ್ಲ" ಎಂದು ತಾತ ಮಾತು ಕೊಟ್ಟಿದ್ದ. ವರ್ಷಕ್ಕೆ ಎರಡು ಸಲ, ಗೌರಿ ಹಬ್ಬಕ್ಕೊಮ್ಮೆ ಯುಗಾದಿಗೊಮ್ಮೆ, ಮಡಕಶಿರಾ ದಾಟಿ ಪಾವಗಡದ ಮೇಲೆ ಕಾರು ಹೋಗಿ ಬರುತ್ತಿತ್ತು. ವಾಪಸ್ಸು ಬರುವಾಗ ಬೀದಿಯ ತಿರುವಿನಲ್ಲಿ ತಾತ ಎರಡು ಸಲ ಹಾರ್ನ್ ಒತ್ತುತ್ತಿದ್ದ. ಅದು ಅಜ್ಜಿಗೆ ಬಾಗಿಲು ತೆಗೆ, ಒಲೆಯ ಮೇಲೆ ಕಾಫಿ ಇಡು ಎಂಬ ಸೂಚನೆ. ನಾನು ಐದನೇ ತರಗತಿಯಲ್ಲಿದ್ದಾಗ ತಾತ ಒಂದು ನೋಟ್‌ಬುಕ್ ಕೊಟ್ಟು, "ಕಂಡಿದ್ದು ಬರಿ, ಎಣಿಸಿದ್ದು ಬರಿ. ಅನ್ಕಂಡಿದ್ದು ಬರೀಬ್ಯಾಡ" ಎಂದಿದ್ದ. ಅದರ ಕೊನೆಯ ಪುಟದಲ್ಲಿ ಕಲ್ಯಾಣದುರ್ಗದ ಪ್ರಯಾಣಗಳಿಗೆ ಗೀಟು ಹಾಕತೊಡಗಿದೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡಕ್ಕೆ. ಆ ಚಟ ಹಿಡಿದದ್ದು ಬಿಡಲಿಲ್ಲ. ಈಗ ಪೆನುಕೊಂಡದ ಹತ್ತಿರದ ಒಂದು ಗೋದಾಮಿನಲ್ಲಿ ಬಿಡಿಭಾಗ ಎಣಿಸಿ ಬರೆಯುವುದೇ ನನ್ನ ಕೆಲಸ.

ಅದೇ ವರ್ಷದ ಗೌರಿ ಹಬ್ಬಕ್ಕೆ ಹೊರಟಾಗ ಗೇರ್ ಹಾಕಿದೊಡನೆ ಎಂಜಿನ್ನು ಧಡ್ಡೆಂದು ಅಲುಗಾಡಿತು. ಎಂಜಿನ್ನನ್ನು ಹೊತ್ತುಕೊಂಡಿರುವ ರಬ್ಬರಿನ ದಿಂಬು ಹರಿದಿತ್ತು, ಅದನ್ನು ಬಿಗಿದಿದ್ದ ಬೋಲ್ಟು ಬಾಗಿತ್ತು. ಬಿಚ್ಚಲು ಹೋದರೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಲ ಹಾಕಿದರೆ ಮುರಿದು ಅರ್ಧ ಒಳಗೇ ಉಳಿಯುತ್ತದೆಂದು ತಾತ ಹುಣಸೆಹಣ್ಣನ್ನು ಸೀಮೆಎಣ್ಣೆಯಲ್ಲಿ ಕಲಸಿ, ಗಾಯಕ್ಕೆ ಸೊಪ್ಪು ಕಟ್ಟುವ ಹಾಗೆ ಅದಕ್ಕೆ ಸುತ್ತಿ ಬಟ್ಟೆ ಕಟ್ಟಿದ. ಅಜ್ಜಿ ಜಗಲಿಯಿಂದಲೇ ಕೂಗಿದಳು: "ಉಪ್ಪು ಹಾಕಿರೋ ಹಣ್ಣು ಕಣ್ರೀ ಅದು, ಕಬ್ಬಿಣನೇ ತಿಂದ್ಬುಡ್ತದೆ!"

"ತುಕ್ಕು ತಿನ್ನಾಕೆ ತಾನೆ ಇಟ್ಟಿರೋದು, ತಿನ್ಲಿ ಬಿಡು. ನಿನ್ನ ಸಾರು ತಿಂದು ನಾನೇ ಬದುಕಿಲ್ವಾ?" ಎಂದ ತಾತ.

ಮೂರು ದಿನ ಕಾದೆವು. ಅತ್ತೆ ದಿನಕ್ಕೆರಡು ಸಲ ಫೋನ್ ಮಾಡಿ, "ಅಪ್ಪಾ, ಚೀಲ ಕಟ್ಕಂಡು ಕೂತಿದೀನಿ, ಬಸ್ಸು ಮನೆ ಮುಂದೇನೇ ಹೋಗ್ತೈತೆ" ಎನ್ನುತ್ತಿದ್ದಳು. ತಾತ ಒಪ್ಪಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಎರಡು ದಿನ "ಅತ್ತೆ ಬರಲಿಲ್ಲ" ಎಂದಿದೆ. ಮೂರನೆಯ ದಿನ ಬೋಲ್ಟು ಕಿರ್ರೆಂದು ತಿರುಗಿ ಬಂತು. ತೂತಿನೊಳಗೂ ಹುಣಸೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ತಾತ ಹೊಸ ಬೋಲ್ಟನ್ನು ನನ್ನ ಕೈಗೆ ಕೊಟ್ಟ. "ಮೊದ್ಲು ಬೆರಳಲ್ಲಿ ತಿರುಗಿಸ್ಬೇಕು. ಬೆರಳು ಸೋತ ಮೇಲೆ ಸ್ಪ್ಯಾನರ್. ಎಣಿಸಮ್ಮ." ಎಣಿಸಿದೆ. ಹನ್ನೊಂದು ಸುತ್ತು. ಆ ರಾತ್ರಿ ಅತ್ತೆ ಬಂದಳೆಂದು ಬರೆಯುವ ಮೊದಲೇ ಅದನ್ನು ಬರೆದುಕೊಂಡೆ.

ಅಜ್ಜಿ ಹೋದಳು, ಆಮೇಲೆ ತಾತನೂ. ಚಪ್ಪರದ ಕೆಳಗೆ ಕೊಡತಿಯ ಸದ್ದು ಅದಕ್ಕೂ ಮುಂಚೆಯೇ ನಿಂತಿತ್ತು. ತಾತ ಹೋದ ಮೂರು ವರ್ಷದಲ್ಲಿ ಅತ್ತೆ ಒಮ್ಮೆಯೂ ತವರಿಗೆ ಬರಲಿಲ್ಲ. ಕಳೆದ ತಿಂಗಳು ಅಪ್ಪ, ದೊಡ್ಡಪ್ಪ ಸೇರಿ ಮನೆ ಕೊಟ್ಟುಬಿಟ್ಟರು. ಸೋಮವಾರ ಬೆಳಿಗ್ಗೆ ಕೊಂಡವರ ಜನ ಬಂದು ಗೋಡೆ ಕೆಡವುವುದಿತ್ತು. ಶುಕ್ರವಾರ ಅತ್ತೆಯ ಫೋನ್ ಬಂತು. "ಕೆಡವೋಕೆ ಮುಂಚೆ ಒಂದ್ಸಲ ನೋಡ್ಬೇಕು ಅನ್ನಿಸ್ತದೆ ಕಣಮ್ಮ. ಬಸ್ಸಲ್ಲಾದ್ರೂ ಬಂದ್ಬುಡ್ತೀನಿ" ಎಂದಳು. ಬಸ್ಸಿನ ಮಾತು ನನ್ನನ್ನು ಚುಚ್ಚಿತು. "ಬ್ಯಾಡತ್ತೆ, ಭಾನುವಾರ ನಾನು ಕಾರು ತರ್ತೀನಿ" ಎಂದುಬಿಟ್ಟೆ. ತಾತನೇ ನನಗೆ ಓಡಿಸಲು ಕಲಿಸಿದ್ದ ಕಾರು. ಆದರೆ ಶನಿವಾರ ಬೆಳಿಗ್ಗೆ ಗೇರ್ ಹಾಕಿದಾಗ ಅದೇ ಧಡ್ಡೆಂಬ ಸದ್ದು ಬಂತು. ಬಾನೆಟ್ ಎತ್ತಿ ನೋಡಿದರೆ ಬೋಲ್ಟಿನ ತಲೆ ಮುರಿದು ಕೆಳಗೆ ಬಿದ್ದಿತ್ತು. ಉಳಿದರ್ಧ ತೂತಿನೊಳಗೆ.

ಪೆನುಕೊಂಡ ರಸ್ತೆಯ ಮೆಕಾನಿಕ್ ಓಬಳೇಶು ಮಾಮ ತಾತನಿಗೆ ಬೇಕಾದವರು. ಸೈಕಲ್ಲಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬಂದು, ಬಗ್ಗಿ ನೋಡಿ, ನಕ್ಕರು. "ಏಮ್ಮಾ, ಇಂಜಿನ್ನು ಉಯ್ಯಾಲೆ ಆಡ್ತಾ ಐತೆ. ಗುಜರಿಯೋರಿಗೆ ಹೇಳಿದ್ರೆ ಅವ್ರೇ ಎತ್ಕಂಡು ಹೋಯ್ತಾರೆ."

"ನಾಳೆ ಕಲ್ಯಾಣದುರ್ಗಕ್ಕೆ ಹೋಗ್ಬೇಕು ಮಾಮ. ಅತ್ತೇನ ಕರ್ಕಂಡು ಬರ್ಬೇಕು."

"ಮುಸಲಾಯನ ಹಟನೇ ನಿಂದೂ" ಎಂದು, ತೆಲುಗಿನಲ್ಲಿ ತಾತನನ್ನು ಮುದುಕ ಎಂದು ನೆನೆದು, ತೋಳು ಮಡಿಚಿದರು. ಎಂಜಿನ್ನಿನ ಕೆಳಗೆ ಮರದ ಹಲಗೆ ಕೊಟ್ಟು ಜಾಕಿನಿಂದ ಅದರ ಭಾರ ಎತ್ತಿ ಹಿಡಿದರು. ಮುರಿದ ತುಂಡಿನ ನಡುವೆ ಡ್ರಿಲ್ಲಿನಿಂದ ಸಣ್ಣ ತೂತು ಕೊರೆದು, ಅದರೊಳಗೆ ಚೌಕದ ಕಡ್ಡಿ ಬಡಿದು, ಹಿಂದಕ್ಕೆ ತಿರುಗಿಸಿದರು. ಮೊದಲ ಸಲ ಕಡ್ಡಿ ಜಾರಿತು, ಎರಡನೆಯ ಸಲವೂ ಜಾರಿತು. ನಡುವೆ ಸೀಮೆಎಣ್ಣೆ ಬಿಟ್ಟು ಒಂದೊಂದು ಗಂಟೆ ಕಾದೆವು. ಮೂರನೆಯ ಸಲ ತುಂಡು ಹೊರಬಂತು. ಅದು ಕಬ್ಬಿಣದಂತಿರಲಿಲ್ಲ, ಗೆದ್ದಲು ತಿಂದ ಕಡ್ಡಿಯಂತಿತ್ತು. ಮಾಮ ಅದನ್ನು ಬೆರಳಲ್ಲಿ ಉಜ್ಜಿ, "ಇದಕ್ಕೆ ಯಾರು ಉಪ್ಪು ಹಾಕಿದ್ರು?" ಎಂದರು. ಅಜ್ಜಿಯ ಮಾತು ನಿಜವಾಗಲು ಹದಿನಾರು ವರ್ಷ ಬೇಕಾಗಿತ್ತು.

ತುಂಡನ್ನು ಅಂಗಡಿಗೆ ಒಯ್ದು, ಮರೆ, ಎಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೀರು, ಒಂದೇ ಆಗಿದೆಯೇ ಎಂದು ಪಕ್ಕಪಕ್ಕ ಹಿಡಿದು ನೋಡಿ, ತಾತ ಹಾಕಿದ್ದಷ್ಟೇ ಉದ್ದದ ಗಟ್ಟಿ ಬೋಲ್ಟು, ಹೊಸ ರಬ್ಬರ್ ತಂದೆ. ಬೆರಳಲ್ಲಿ ತಿರುಗಿಸಿದೆ. ಏಳನೆಯ ಸುತ್ತಿಗೆ ನಿಂತಿತು. "ಕೊಡಿಲ್ಲಿ, ಸ್ಪ್ಯಾನರಲ್ಲಿ ಎಳೀತೀನಿ" ಎಂದು ಮಾಮ ಕೈ ಚಾಚಿದರು.

"ಬ್ಯಾಡ ಮಾಮ. ಹನ್ನೊಂದಾಗ್ಬೇಕು."

"ಯಾರು ಹೇಳಿದ್ರು ನಿಂಗೆ?"

ಒಳಗೆ ಹೋಗಿ ಹಳೆಯ ನೋಟ್‌ಬುಕ್ ತಂದು ತೋರಿಸಿದೆ. ಅವರು ಕನ್ನಡ ಓದಲಾರರು, ಅಂಕಿ ಓದಬಲ್ಲರು. ಅಂಕಿಯ ಮೇಲೆ ಬೆರಳಿಟ್ಟು, "ಮುಸಲಾಯನೇ ಪಕ್ಕದಲ್ಲಿ ನಿಂತಂಗೈತೆ" ಎಂದು ಬೋಲ್ಟು ಬಿಚ್ಚಿದರು. ಆಗ ತಂತಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ತೂತಿನ ತಳ ಕೆದಕಿದೆ. ಡ್ರಿಲ್ಲಿನ ಪುಡಿ ಬಂತು, ತುಕ್ಕಿನ ಹೊಪ್ಪಳೆ ಬಂತು, ಕೊನೆಗೆ ಕಪ್ಪಗೆ ಗಟ್ಟಿಯಾದ ಒಂದು ಚೂರು. ಅದರಲ್ಲಿ ಕೂದಲಿನಂಥ ಒಂದು ನಾರು. ಹುಣಸೆಯ ನಾರು. ಬೆರಳ ತುದಿಯಲ್ಲಿ ಎಣ್ಣೆ ಆರುತ್ತಿದ್ದಂತೆ ಹುಳಿ ಮೂಗಿಗೆ ಬಂತು. ನಾನು ಮೊದಲು ಹೇಳಿದ ವಾಸನೆ ಇದೇ. ತಾತನ ಕೈ ಕೊನೆಯದಾಗಿ ಉಳಿದಿದ್ದ ಜಾಗ ಅದು. ಅದನ್ನು ಖಾಲಿ ಮಾಡದೆ ಬೋಲ್ಟು ಕೂರುವ ಹಾಗಿರಲಿಲ್ಲ. ಬಟ್ಟೆ ಬದಲಿಸಿ ಬದಲಿಸಿ, ಬೆಳ್ಳಗೆ ಹೊರಬರುವವರೆಗೂ ಒರೆಸಿದೆ. ಆಮೇಲೆ ತಿರುಗಿಸಿದೆ. ಎಂಟು, ಒಂಬತ್ತು, ಹತ್ತು, ಹನ್ನೊಂದು. ಬೆರಳು ಸೋತಿತು. ಸ್ಪ್ಯಾನರನ್ನು ಮಾಮನಿಗೆ ಕೊಟ್ಟೆ.

ಭಾನುವಾರ ಮಧ್ಯಾಹ್ನ ಕಲ್ಯಾಣದುರ್ಗ ತಲುಪಿದಾಗ ಅತ್ತೆ ಚೀಲದೊಂದಿಗೆ ಬಾಗಿಲಲ್ಲೇ ಕೂತಿದ್ದಳು. ಕಾರನ್ನು ಒಮ್ಮೆ ಸುತ್ತಿ ಬಂದು, "ಮೂರು ದಿನ ಕಾಯಿಸ್ತೀಯ ಅನ್ಕಂಡಿದ್ದೆ ಕಣೇ, ನಿಮ್ ತಾತನಂಗೆ" ಎಂದು ನಕ್ಕು, ಮುಂದಿನ ಸೀಟಿನಲ್ಲಿ ಕೂತಳು. ಪಾವಗಡ ದಾಟುವವರೆಗೂ ಮಾತಾಡಿದಳು, ಮಡಕಶಿರಾ ಬಂದ ಮೇಲೆ ಮಾತು ಕಡಿಮೆಯಾಯಿತು. ಗೇರ್ ಬದಲಿಸುವಾಗಲೆಲ್ಲ ನಾನು ಕಿವಿಗೊಟ್ಟೆ. ಎಂಜಿನ್ನು ಕದಲಲಿಲ್ಲ.

ನಮ್ಮ ಬೀದಿಯ ತಿರುವಿಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ನಾನು ಹಾರ್ನ್ ಒತ್ತಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಪಕ್ಕದಿಂದ ಕೈ ಚಾಚಿ ತಾನೇ ಒತ್ತಿದಳು. ಎರಡು ಸಲ. ಮನೆಯ ಮುಂದೆ ಕಾರು ನಿಲ್ಲಿಸಿ, ಅಭ್ಯಾಸದಂತೆ ಇಬ್ಬರೂ ಬಾಗಿಲು ತೆರೆಯುವುದನ್ನು ಕಾಯುತ್ತಾ ಒಳಗೇ ಕೂತೆವು. ಆಮೇಲೆ ನಾನು ಇಳಿದೆ. ಬಾಗಿಲ ಕೀ ನನ್ನ ಹತ್ತಿರವೇ ಇತ್ತು.