ಅಂಜಿನಮ್ಮ ಸಿಸ್ಟರ್ ಅವರ ಒಂದು ನಿಮಿಷ

ವೈ.ಎನ್.ಹೊಸಕೋಟೆ ಪಕ್ಕದ ನಮ್ಮೂರಲ್ಲಿ ಗ್ರಾಮಸಭೆ ನಡೆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಅಂಥ ಊರು ಅಂಜಿನಮ್ಮ ಸಿಸ್ಟರ್ ಬೆರಳೆತ್ತಿದರೆ ಪೂರ್ತಿ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿರುತ್ತಿತ್ತು. ಅವರು ಯಾವುದೋ ಮಗುವಿನ ನಾಡಿ ಎಣಿಸುತ್ತಿದ್ದಾರೆಂದು ಅರ್ಥ. ಗಡಿಯಾರವನ್ನು ಒಳಮುಖವಾಗಿ ಕಟ್ಟಿಕೊಂಡು, ಕೂಸಿನ ತೋಳಿನ ಒಳಬದಿಗೆ ಎರಡು ಬೆರಳಿಟ್ಟು ಕೂರುತ್ತಿದ್ದರು. ಲಸಿಕೆ ಹಾಕಲು, ಬಾಣಂತಿಯರನ್ನು ನೋಡಲು ಸರ್ಕಾರ ಕಳಿಸಿದ್ದ ನರ್ಸ್ ಅವರು.

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ವಿಜ್ಞಾನದ ಮೇಷ್ಟ್ರು ರಜೆ ಹಾಕಿದರೆ ಅದನ್ನೂ ಹೇಳುತ್ತೇನೆ. ಮನುಷ್ಯನ ಹೃದಯ ನಿಮಿಷಕ್ಕೆ ಎಪ್ಪತ್ತೆರಡು ಸಲ ಬಡಿಯುತ್ತದೆಂದು ವರ್ಷಗಟ್ಟಲೆ ಮಕ್ಕಳಿಂದ ಒಪ್ಪಿಸಿಕೊಂಡವನು. ಎಂಟು ತಿಂಗಳ ಮಗಳು ಎರಡು ಸಲ ಸೀನಿದಳೆಂದು ಒಂದು ಬೆಳಿಗ್ಗೆ ಅವಳ ನಾಡಿ ಹಿಡಿದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನೂರ ಮೂವತ್ತಾರು! ಜೀವ ಬಾಯಿಗೆ ಬಂತು. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ನಾನು ತುಮಕೂರಿಗೆ ಕಾರು ಗೊತ್ತು ಮಾಡಿದೆ. ಹೊರಡುವಷ್ಟರಲ್ಲಿ ಸಿಸ್ಟರ್ ಬಂದು ಎಣಿಸಿದರು. ನೂರ ಇಪ್ಪತ್ತೆಂಟು.

"ಸರ್ಯಾಗೈತೆ, ಕಾರು ವಾಪಸ್ ಕಳ್ಸಿ," ಎಂದರು.

"ಎಪ್ಪತ್ತೆರಡಲ್ವಾ ಇರಬೇಕಾದ್ದು?"

"ಅದು ನಿಮ್ಮಂಥ ದೊಡ್ಡೋರ್ದು. ಚಿಕ್ಕ ಬಿಂದಿಗೇಲಿ ನೀರು ತರೋರು ಜಾಸ್ತಿ ಸಲ ಓಡಾಡ್ಬೇಕಲ್ವಾ? ಕೂಸಿನ ಗುಂಡಿಗೇನೂ ಅಂಗೇಯ. ವರ್ಷದೊಳಗಿನ ಕೂಸು ಎಚ್ಚರವಾಗಿದ್ರೆ ನೂರರಿಂದ ನೂರರವತ್ತು ಓಡ್ತೈತೆ. ಅತ್ರೆ, ಜ್ವರ ಬಂದ್ರೆ ಇನ್ನೂ ಜಾಸ್ತಿ. ಮಲಗಿದ್ರೆ ಕಮ್ಮಿ. ಬೆಳೀತಾ ಬೆಳೀತಾ ಇಳೀತೈತೆ."

"ನನ್ನ ಲೆಕ್ಕಕ್ಕೆ ನೂರ ಮೂವತ್ತಾರು ಬಂತಲ್ಲ?"

ಸಿಟ್ಟು ಬಂದರೆ ಅವರ ಕನ್ನಡದೊಳಕ್ಕೆ ತೆಲುಗು ನುಗ್ಗುತ್ತಿತ್ತು. "ಊರ್ಕೋಂಡಿ, ಸುಮ್ಕಿರಿ ಮೇಷ್ಟ್ರೇ! ಕಾಲು ನಿಮಿಷದಾಗೆ ಎರಡು ತಪ್ಪಿದ್ರೆ ನಿಮ್ಮ ಗುಣಾಕಾರ ಅದನ್ನ ಎಂಟು ಮಾಡ್ತೈತೆ. ಕೂಸಿನ ತಾವ ಗುಣಿಸೋದು ಬ್ಯಾಡ, ಎಣಿಸಿ."

ಗಣಿತದ ಮೇಷ್ಟ್ರಿಗೆ ಸಿಸ್ಟರ್ ಲೆಕ್ಕ ಹೇಳಿಕೊಟ್ಟ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು.

ಆದ ಅವಮಾನವನ್ನು ಪಾಠ ಮಾಡಿಕೊಂಡು ಇನ್ನೊಬ್ಬರಿಗೆ ಹೇಳುವುದು ಮೇಷ್ಟ್ರುಗಳ ಹುಟ್ಟುಗುಣ. ನಾನೇ ನಮ್ಮ ಬೀದಿಯ ಹೃದಯತಜ್ಞನಾದೆ. ಯಾರ ಮಗುವಿನ ಎದೆ ಡವಗುಟ್ಟಿದರೂ "ಚಿಕ್ಕ ಬಿಂದಿಗೆ ಕಣಮ್ಮ" ಎಂದು ಸಮಾಧಾನ ಹೇಳಿ ಕಳಿಸುತ್ತಿದ್ದೆ. ಮಗಳಿಗೆ ಎರಡು ತುಂಬಿದ ಮೇಲೆ ಒಂದು ಭಾನುವಾರ ಅವಳು ಊಟ ಬೇಡವೆಂದು ಸಪ್ಪಗೆ ಮಲಗಿಬಿಟ್ಟಳು. ಎದೆಬಡಿತ ಅಂಗಿಯ ಮೇಲೆಯೇ ಕಾಣುತ್ತಿತ್ತು. ಹೆಂಡತಿ ಹೆದರಿದಳು, ನಾನು ಬಿಂದಿಗೆಯ ಕಥೆ ಶುರುಮಾಡಿದೆ. ಪುಣ್ಯಕ್ಕೆ ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಹೋಗಿ ಸಿಸ್ಟರನ್ನು ಕರೆತಂದಳು.

ಸಿಸ್ಟರ್ ಎಣಿಸಲು ಕೂತು ಅರ್ಧಕ್ಕೇ ಬಿಟ್ಟರು. ಸ್ಟೆತೊಸ್ಕೋಪ್ ಎದೆಗಿಟ್ಟು ಮತ್ತೆ ಎಣಿಸಿದರು.

"ಜ್ವರ ಇಲ್ಲ, ಅಳ್ತಿಲ್ಲ, ನಿದ್ದೇಲೈತೆ. ಆದ್ರೂ ಇನ್ನೂರು ದಾಟೈತೆ, ಎಣಿಸಕ್ಕೇ ಆಗ್ತಿಲ್ಲ. ಬಿಂದಿಗೆ ಮಾತು ಇಲ್ಲಿ ನಡೆಯಾಕಿಲ್ಲ. ಏಳಿ ಮೇಷ್ಟ್ರೇ, ಹೊರಡಾನ."

ಅವರೂ ಕಾರು ಹತ್ತಿದರು. ಪಾವಗಡದಲ್ಲಿ ಡಾಕ್ಟರು ನೋಡಿ ತಕ್ಷಣ ತುಮಕೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಸಿಸ್ಟರ್ ಮಗುವಿನ ತೋಳು ಬಿಡಲಿಲ್ಲ. ಹೃದಯದೊಳಗಿನ ಕರೆಂಟು ದಾರಿ ತಪ್ಪಿದೆ, ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟರು. ಇಂಜೆಕ್ಷನ್ ಕೊಟ್ಟ ಮೇಲೆ ಬಡಿತ ಇಳಿಯಿತು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾಚಿಕೆ ಬಿಟ್ಟು ಅತ್ತೆ.

ಸಿಸ್ಟರನ್ನು ಕೊನೆಯ ಸಲ ಕಂಡದ್ದು ಕೊರಟಗೆರೆಯ ಬಸ್ ಸ್ಟ್ಯಾಂಡಿನಲ್ಲಿ. ನಿವೃತ್ತರಾಗಿ ಅಲ್ಲೇ ತಮ್ಮ ಮಗಳ ಮನೆ ಸೇರಿದ್ದರು. ಅದಾಗಿ ಎರಡು ತಿಂಗಳಿಗೆ ತೀರಿಕೊಂಡರು. ಆವತ್ತು ಬೆಂಚಿನ ಮೇಲೆ ಕೂತು ಮಾತಾಡುತ್ತಾ ಕೇಳಿದೆ: "ಅವತ್ತು ಕಾರಲ್ಲಿ ಕಣ್ಣು ಮುಚ್ಕೊಂಡು ಎಣಿಸ್ತಾನೇ ಇದ್ರಲ್ಲ ಸಿಸ್ಟರ್?"

"ಎಣಿಸೋದೆಲ್ಲಿ ಬಂತು ಬುಡಿ. ಹನ್ಮಂತ್ರಾಯ, ಇದೊಂದ್ ಸಲ ನನ್ನ ಎಣಿಕೆ ತಪ್ಪಾಗಿರ್ಲಪ್ಪಾ ಅಂತ ಬೇಡ್ಕಂತಿದ್ದೆ."

ಅವರ ಎಣಿಕೆ ತಪ್ಪಿರಲಿಲ್ಲ. ನಮ್ಮಿಬ್ಬರ ನಡುವೆ ಕೂತ ನನ್ನ ಮಗಳು ಬೇಯಿಸಿದ ಕಡಲೆಕಾಯಿ ಸುಲಿದು ತಿನ್ನುತ್ತಿದ್ದಳು.