ಹನ್ನೊಂದು ಪುಸ್ತಕಗಳ ಕೊನೆಯ ಹಾಳೆ

ದಬ್ಬಳದಕ್ಕನಿಗೆ ಆ ಹೆಸರು ಬಂದದ್ದು ಕೈಯಲ್ಲಿ ಸದಾ ಇರುವ ದಪ್ಪ ಸೂಜಿಯಿಂದ ಎಂದು ನೆರೆಯವರು ಹೇಳುತ್ತಾರೆ. ಅವಳ ಬಾಯಿಗೆ ಸಿಕ್ಕವರು ಬೇರೆ ಕಾರಣ ಹೇಳುತ್ತಾರೆ. ಮೂವತ್ತೊಂದು ವರ್ಷ ವಾಚನಾಲಯದ ಹಿಂದಿನ ಕೋಣೆಯಲ್ಲಿ, ಇದ್ದೊಂದು ಕಿಟಕಿಯ ಕೆಳಗೆ ಕೂತು, ಹರಿದ ಪುಸ್ತಕಗಳನ್ನು ಕೆಂಪು ದಾರದಲ್ಲಿ ಹೊಲಿದವಳು. ಶಾಲೆ ಕಂಡದ್ದು ಮೂರನೇ ತರಗತಿವರೆಗೆ. ಉಳಿದ ಓದೆಲ್ಲ ಅಂಟು ಒಣಗುವ ಹೊತ್ತಿನಲ್ಲಿ ಆದದ್ದು.

ಅವಳಿಗೆ ಜೀವ ಎಂದರೆ ಮೂಲೆಯ ಕಪಾಟಿನ ಹಳೇ ಕಾಲದ ಪತ್ತೇದಾರಿ ಕಥೆಗಳು. ಕುದುರೆಗಾಡಿಯ ಕಾಲ, ಎಣ್ಣೆದೀಪದ ಮನೆಗಳು, ಕೊಲೆಯಾದರೂ ರಕ್ತ ಕಾಣಿಸದು. ಪತ್ತೆ ಮಾಡುವವಳು ಒಬ್ಬ ಸೂಲಗಿತ್ತಿಯೋ, ಅರಮನೆಯ ಬಟ್ಟೆ ಒಗೆಯುವವಳೋ. ಅವಳ ಮಾತಿಗೆ ಯಾರೂ ಕವಡೆಯ ಬೆಲೆ ಕೊಡುವುದಿಲ್ಲ. ಕೊನೆಯಲ್ಲಿ ಮಾತ್ರ ದೊಡ್ಡ ಮನುಷ್ಯರೆಲ್ಲ ಒಂದೇ ಕೋಣೆಯಲ್ಲಿ ಕೂತು, ಬಾಯಿ ಮುಚ್ಚಿಕೊಂಡು ಕೇಳಬೇಕು.

ಅದಕ್ಕೇ ಓದುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅತ್ತೆಯ ಉಂಗುರ ಕಳೆದು, ಕದ್ದವಳು ಸೊಸೆಯೇ ಎಂದು ಮನೆಮಂದಿ ನಾಲ್ಕು ದಿನ ಅವಳನ್ನು ಮಾತಾಡಿಸಿರಲಿಲ್ಲ. ಉಂಗುರ ಅತ್ತೆಯ ದಿಂಬಿನ ಹತ್ತಿಯಲ್ಲೇ ಸಿಕ್ಕಿತು. "ಸಿಕ್ತಲ್ಲ, ಬಿಡು" ಎಂದರು, ಅಷ್ಟೇ. ಆ 'ಬಿಡು' ಇಂದಿಗೂ ಅವಳ ಗಂಟಲಲ್ಲಿ ಮುಳ್ಳು.

ಒಂದು ಬೆಳಿಗ್ಗೆ ಆಸ್ಪತ್ರೆಯ ದಾದಿ ಪುಸ್ತಕ ಹಿಡಿದು ಧುಮುಗುಡುತ್ತಾ ಬಂದಳು. "ಏನಕ್ಕಾ ಇದು? ಎಲ್ಲರನ್ನೂ ಕೂರಿಸಿ 'ಕೊಂದವರು ಯಾರೆಂದರೆ' ಅಂತಾಳೆ, ಮುಗೀತು! ಮುಂದಿನ ಹಾಳೆಯೇ ಇಲ್ಲ. ರಾತ್ರಿಯೆಲ್ಲ ರೋಗಿಗಳ ಮೇಲೆ ರೇಗಿದೀನಿ."

ಹುಡುಕಿದರೆ ಅಂಥವು ಹನ್ನೊಂದು, ಎಲ್ಲವೂ ಅದೇ ಕಪಾಟಿನವು. ಹೊಸದಾಗಿ ಬಂದಿದ್ದ ಮೇಲ್ವಿಚಾರಕ ಓದುಗರ ಎದುರೇ ದೂರಿನ ಪುಸ್ತಕ ತೆಗೆದು, 'ಹೊಲಿಯುವವಳ ಅಜಾಗ್ರತೆಯಿಂದ ಪುಟ ನಷ್ಟ' ಎಂದು ಬರೆದ. "ವಯಸ್ಸಾಯ್ತು, ಕಣ್ಣು ಕಾಣಲ್ಲ. ಇನ್ಮೇಲೆ ಹೊಲಿಗೆ ಹೊರಗೆ ಕೊಡೋಣ. ಈ ಅಡುಗೆಮನೆ ಪತ್ತೇದಾರಿಗಳನ್ನ ರದ್ದಿಗೆ ಹಾಕೋಣ. ಅರ್ಧ ಪುಸ್ತಕ ಯಾರಿಗೆ ಬೇಕು?"

ಮುದುಕಿಯ ಮೈಯೆಲ್ಲ ಕೆಂಡವಾಯಿತು. ಕೆಲಸ ಹೋದರೆ ಹೋಗಲಿ. ಕೆಟ್ಟ ಹೆಸರು ಹೊತ್ತು ಈ ಬಾಗಿಲು ದಾಟುವವಳಲ್ಲ ಅವಳು. ಹನ್ನೊಂದನ್ನೂ ಕೋಣೆಗೆ ಹೊತ್ತೊಯ್ದು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ದಿನ ಒಂದೊಂದರ ಹೊಲಿಗೆಯನ್ನೂ ಇಣುಕಿ ನೋಡಿದಳು. ಮೂರನೆಯ ದಿನ ವಾಚನಾಲಯ ಸಮಿತಿಯ ಅಧ್ಯಕ್ಷರನ್ನು ಕರೆಸಿದಳು. ಆ ಕಪಾಟಿನ ಓದುಗರೂ ಸೇರಿದರು: ದಾದಿ ಬಂದಳು, ದರ್ಜಿಯ ಹೆಂಡತಿ ಬಂದಳು, ತರಕಾರಿ ಮಾರುವವಳು ಬುಟ್ಟಿಯ ಸಮೇತ ಬಂದಳು. ಎಲ್ಲರೂ ಓದುವ ಕೋಣೆಯ ಉದ್ದನೆಯ ಬೆಂಚಿನ ಮೇಲೆ ಕೂತರು.

"ಹೊಲಿಗೆಯ ಒಳಗಡೆ ನೋಡಿ ಸಾರ್," ಎಂದು ದಬ್ಬಳದಕ್ಕ ಪುಸ್ತಕ ಬಿಚ್ಚಿ ಹಿಡಿದಳು. ಕೊನೆಯ ಪುಟದ ಆಚೆ, ಕೆಂಪು ದಾರದ ಬಿಗಿಯಲ್ಲಿ, ಅಕ್ಕಿಕಾಳಿನಗಲದ ಕಾಗದದ ಅಂಚು ನಿಂತಿತ್ತು. "ನಾನು ಹಾಳೆ ಕಳೆದು ಹೊಲಿದಿದ್ರೆ ಈ ಅಂಚು ಎಲ್ಲಿಂದ ಬರ್ತಿತ್ತು? ಹೊಲಿದಾಗ ಹಾಳೆ ಇತ್ತು. ಆಮೇಲೆ ಬ್ಲೇಡು ಬಿದ್ದಿದೆ."

"ಓದೋರು ಯಾರೋ ಕತ್ತರಿಸಿರ್ತಾರೆ," ಎಂದ ಮೇಲ್ವಿಚಾರಕ.

"ಅಲ್ಲೇ ಎಡವಿದಿರಿ. ನನ್ನ ಕೋಣೆಯಿಂದ ಪುಸ್ತಕ ಎಲ್ಲಿಗೆ ಹೋಗುತ್ತೆ?"

"ನನ್ನ ಮೇಜಿಗೆ."

"ಅಲ್ಲೇನಾಗುತ್ತೆ?"

ಅವನು ಅಧ್ಯಕ್ಷರ ಕಡೆ ತಿರುಗಿದ. ದರ್ಜಿಯ ಹೆಂಡತಿಯೇ ಹೇಳಿದಳು: "ಕೊನೇ ಪುಟಕ್ಕೆ ಮುದ್ರೆ ಒತ್ತಿ ಕಪಾಟಿಗೆ ಕಳಿಸ್ತಾರೆ."

"ನೋಡಿ." ಒಂದೊಂದಾಗಿ ಹನ್ನೊಂದನ್ನೂ ತೆರೆದಿಟ್ಟಳು. ಅರ್ಧಕ್ಕೆ ತುಂಡಾದ ಮಾತಿನ ಕೆಳಗೆ ವಾಚನಾಲಯದ ನೀಲಿ ಮುದ್ರೆ ದುಂಡಗೆ ಕೂತಿತ್ತು. "ಕಪಾಟಿಗೆ ಹೋದ ಮೇಲೆ ಯಾರೋ ಕತ್ತರಿಸಿದ್ರೆ ಮುದ್ರೆಯೂ ಆ ಹಾಳೆ ಜೊತೆ ಹೋಗ್ಬೇಕಿತ್ತು. ನನ್ನ ಹೊಲಿಗೆ ಆದ್ಮೇಲೆ, ನಿಮ್ಮ ಮುದ್ರೆಗೆ ಮುಂಚೆ ಹಾಳೆ ಹೋಗಿದೆ. ಹನ್ನೊಂದೂ ನೀವು ಬಂದ್ಮೇಲೆ ಹೊಲಿದವು, ಆ ಮಧ್ಯೆ ಇರೋದು ನಿಮ್ಮ ಮೇಜು. ಕತ್ತರಿಸಿದ್ದೂ ನೀವೇ, ರೂಢಿಬಲದಿಂದ ಉಳಿದ ಪುಟಕ್ಕೆ ಠಪ್ಪಂತ ಒತ್ತಿದ್ದೂ ನೀವೇ. ಮುದ್ರೆ ಇಡೋ ಪೆಟ್ಟಿಗೆಯ ಬೀಗದ ಕೈ ಇನ್ನೂ ನಿಮ್ಮ ಸೊಂಟದಲ್ಲಿದೆ."

"ನಮ್ಮ ಕತ್ತೇಗೂ ಇವರಿಗಿಂತ ಜಾಸ್ತಿ ಬುದ್ಧಿ ಇದೆಯಲ್ಲೇ!" ಎಂದಳು ತರಕಾರಿಯವಳು. ಬೆಂಚು ಗೊಳ್ಳೆಂದಿತು.

ಕಥೆಗಳಲ್ಲಾದರೆ ತಪ್ಪಿತಸ್ಥ ತಲೆ ತಗ್ಗಿಸುತ್ತಾನೆ. ಇವನು ಕನ್ನಡಕ ಒರೆಸಿಕೊಂಡ. "ಪರೀಕ್ಷೆ ಪುಸ್ತಕಕ್ಕೆ ಜಾಗ ಬೇಕಿತ್ತು. ಕೆಡದೇ ಇರೋದನ್ನ ರದ್ದಿಗೆ ಹಾಕೋಕೆ ನಿಯಮ ಇಲ್ಲ. ಹೆಂಗಸರ ಕಾಲಕ್ಷೇಪದ ಪುಸ್ತಕ, ಅದಕ್ಕೇನು ಇಷ್ಟು ದೊಡ್ಡ..."

ಅಧ್ಯಕ್ಷರು ಕೈಯೆತ್ತಿದರು. "ಆಯ್ತಮ್ಮ, ಗೊತ್ತಾಯ್ತಲ್ಲ. ಕಪಾಟು ಇರುತ್ತೆ, ನಿಮ್ಮ ಕೆಲಸವೂ ಇರುತ್ತೆ. ಇನ್ನು ಬಿಡಿ."

"ಬಿಡಲ್ಲ ಸಾರ್." ಅವಳು ದೂರಿನ ಪುಸ್ತಕದತ್ತ ಕೈ ತೋರಿದಳು. "ಒಂದ್ಸಲ ಬಿಟ್ಟು ನಲವತ್ತು ವರ್ಷ ನುಂಗಿದೀನಿ. ಈ ಓದೋರ ಎದುರೇ ನನ್ನ ಹೆಸರು ಬರೆದ್ರು. ಇವರ ಎದುರೇ ಅದನ್ನ ಹೊಡೆದು ಹಾಕ್ಲಿ. ಕೆಳಗೆ ಯಾರು ಕತ್ತರಿಸಿದ್ರು ಅಂತ ತಮ್ಮ ಕೈಯಾರೆ ಬರೀಲಿ."

ಬೆಂಚಿನಿಂದ ಯಾರೂ ಏಳಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿದರು, ಬೆಂಚು ನೋಡಿದರು, ಕೊನೆಗೆ ದೂರಿನ ಪುಸ್ತಕವನ್ನು ಮೇಲ್ವಿಚಾರಕನ ಮುಂದೆ ತಳ್ಳಿದರು. ಅವನು ಬರೆದ. ದಬ್ಬಳದಕ್ಕ ಅಕ್ಷರ ಅಕ್ಷರವನ್ನೂ ಬೆರಳಿಟ್ಟು ಓದಿ, "ರುಜು" ಎಂದಳು.

ಕತ್ತರಿಸಿದ ಹಾಳೆಗಳನ್ನು ಅವನು ಆಗಲೇ ಸುಟ್ಟುಹಾಕಿದ್ದ. ಆದರೆ ಕೊಂದವರು ಯಾರು, ಯಾಕೆ ಕೊಂದರು ಎನ್ನುವುದು ಮೊದಲೇ ಓದಿದ್ದ ಹೆಂಗಸರಿಗೆ ಕಂಠಪಾಠ. ಅವರು ಹೇಳುತ್ತಾ ಹೋದರು, ಜಗಳವಾಡುತ್ತಾ ತಿದ್ದಿದರು, ದಾದಿ ಬರೆದಳು. ದಬ್ಬಳದಕ್ಕ ಆ ಹಾಳೆಗಳನ್ನು ಒಂದೊಂದಾಗಿ ಸೇರಿಸಿ ಹೊಲಿದಳು. ಹಳೆಯ ಅಂಚನ್ನು ಕಿತ್ತು ನುಣ್ಣಗೆ ಮಾಡಿಕೊಡುವುದು ಅವಳಿಗೆ ಕ್ಷಣದ ಕೆಲಸ. ಬೇಕೆಂದೇ ಹಾಗೇ ಬಿಟ್ಟಳು. ಯಾರೇ ಓದಲಿ, ಕೊನೆಯ ಪುಟ ತಿರುವುವಾಗ ಆ ಬ್ಲೇಡಿನ ಅಂಚು ಬೆರಳಿಗೆ ತಾಗಲೇಬೇಕು.